ಲಾಂಛನ ಹೇಳುವುದು, ಲಾಂಛನ ಹೇಳದಿರುವುದು

ಬಸದಿಯ ಗರ್ಭಗೃಹದಲ್ಲಿ ನೆಲೆಸಿದ ಜಿನಬಿಂಬವನ್ನು ಮುಖಲಕ್ಷಣದಿಂದಲೇ ಇಂಥ ತೀರ್ಥಂಕರರದೆಂದು ನಿರ್ಧರಿಸಲು ಬಾರದು. ಇಪ್ಪತ್ತನಾಲ್ವರಿಗೂ ಅದೇ ಪ್ರಶಾಂತ ಮುಖ, ಅದೇ ನಾಸಾಗ್ರದೃಷ್ಟಿ. ಭಂಗಿಯೂ ಕಾಯೋತ್ಸರ್ಗ ಇಲ್ಲವೆ ಪರ್ಯಂಕಾಸನ, ಎರಡೇ. ಆದಿನಾಥರ ಹೆಗಲ ಮೇಲಿಳಿದ ಜಟೆ, ಪಾರ್ಶ್ವನಾಥರ ನೆತ್ತಿಯ ಹೆಡೆಗಳಂಥ ಕೆಲವು ವಿಶೇಷಗಳನ್ನು ಬಿಟ್ಟರೆ ಶಿಲ್ಪಿಯು ಗುರುತನ್ನು ಇರಿಸಿರುವುದು ಪೀಠದಲ್ಲಿ. ಎತ್ತು ಕಂಡರೆ ಆದಿನಾಥ, ಆನೆ ಕಂಡರೆ ಅಜಿತನಾಥ, ಶಂಖ ಕಂಡರೆ ನೇಮಿನಾಥ, ಸಿಂಹ ಕಂಡರೆ ಮಹಾವೀರ. ಇದನ್ನೇ ಲಾಂಛನವೆನ್ನುತ್ತೇವೆ. ಪ್ರಾಚೀನ ಬಿಂಬಗಳಲ್ಲಿ ಎಷ್ಟೋ ವೇಳೆ ಲಾಂಛನವೇ ಇರುವುದಿಲ್ಲ, ಇದ್ದರೂ ಸವೆದಿರುತ್ತದೆ, ಬಿಂಬವೊಂದು ಕಾಲದ್ದು, ಪೀಠ ಇನ್ನೊಂದು ಕಾಲದ್ದು ಆಗಿರುವುದೂ ಉಂಟು. ಆದ್ದರಿಂದ ಮೂರ್ತಿಶಿಲ್ಪದ ಅಭ್ಯಾಸಿಯು ಕಲಿಯಬೇಕಾದ ಮೊದಲ ಪಾಠ ಲಾಂಛನವನ್ನು ಓದುವುದು. ಎರಡನೆಯದು, ಲಾಂಛನವೊಂದನ್ನೇ ನಂಬಿ ನಿಲ್ಲದಿರುವುದು.

ಈ ಎರಡು ಪಾಠಗಳೂ ಇತ್ತೀಚಿನ ವರ್ಷಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗಿರುವುದು ಗಣಕಯಂತ್ರದ ಮುಂದೆ ಕುಳಿತಾಗ. ಇಂದು ಶಾಸನವನ್ನು ಕಲ್ಲಿನ ಬಳಿ ನಿಂತು ಓದುವವರಿಗಿಂತ ಛಾಯಾಚಿತ್ರದಲ್ಲಿ ಓದುವವರೇ ಹೆಚ್ಚು. ಓಲೆಗರಿಯ ಕಟ್ಟನ್ನು ಬಿಚ್ಚುವ ಅವಕಾಶ ಎಲ್ಲರಿಗೂ ಒದಗದು; ಅದರ ಪ್ರತಿಬಿಂಬ ಮಾತ್ರ ಎಲ್ಲರ ಕೈಗೂ ಬರುತ್ತದೆ. ಹಾಗೆ ಬಂದ ಚಿತ್ರಕಡತ ಯಾವ ಜಾತಿಯದು, ಅದರಲ್ಲಿ ಮೂಲದ ವಿವರ ಪೂರ್ತಿಯಾಗಿ ಉಳಿದಿದೆಯೇ, ನಡುದಾರಿಯಲ್ಲಿ ಏನಾದರೂ ಸೋರಿಹೋಗಿದೆಯೇ ಎಂಬ ಪ್ರಶ್ನೆ ಗಣಕತಜ್ಞರದೆಂದು ನಾವು ಸುಮ್ಮನಿರುವಂತಿಲ್ಲ. ಹಸ್ತಪ್ರತಿಯ ಲಿಪಿ, ಗರಿ, ಪುಷ್ಪಿಕೆಗಳನ್ನು ಪರೀಕ್ಷಿಸದೆ ಪಾಠವನ್ನು ಸ್ವೀಕರಿಸಬಾರದೆಂದು ಗ್ರಂಥಸಂಪಾದನಶಾಸ್ತ್ರ ಕಲಿಸಿದೆ. ಚಿತ್ರಕಡತಕ್ಕೂ ಅದೇ ನಿಯಮವನ್ನು ಹಿಗ್ಗಿಸಬೇಕಾದ ಕಾಲ ಬಂದಿದೆ.

ಮೊದಲು ಹೆಸರಿನ ಮಾತು. ಕಡತದ ಹೆಸರಿನ ಕೊನೆಗೆ ಚುಕ್ಕೆಯಿಟ್ಟು ಬರೆಯುವ ಮೂರು ನಾಲ್ಕು ಅಕ್ಷರಗಳನ್ನು ಕಂಡು, ಇದು ಪಿಎನ್‌ಜಿ, ಇದು ಜೆಪೆಗ್, ಇದು ಟಿಫ್ ಎಂದು ನಾವು ಗುರುತಿಸುತ್ತೇವೆ. ಆ ಅಕ್ಷರಗಳು ಹೊರಗಿನಿಂದ ಅಂಟಿಸಿದ ಚೀಟಿ ಮಾತ್ರ. ಯಾರು ಬೇಕಾದರೂ ಅವನ್ನು ಅಳಿಸಿ ಬೇರೆ ಬರೆಯಬಹುದು; ಒಳಗಿನ ಒಂದು ಬಿಂದುವೂ ಅದರಿಂದ ಅಲುಗದು. ಹೆಸರು ಬದಲಾದ ಮಾತ್ರಕ್ಕೆ ನೆಲ ಬದಲಾಗದೆಂಬುದು ಕೋಲಾರ ಸೀಮೆಯವರಿಗೆ ಹೊಸ ಸಂಗತಿಯಲ್ಲ. ಗಂಗರು ಕುವಳಾಲಪುರವರೇಶ್ವರರೆಂದು ಬಿರುದು ಧರಿಸಿದ ಊರೇ ಇಂದಿನ ಕೋಲಾರ. ಪಾಪನಪಳ್ಳಿಯೆಂಬ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟು ಶ್ರೀನಿವಾಸಪುರವೆಂದು ಕರೆದರು. ಬೌರಿಂಗ್‌ಪೇಟೆ ಬಂಗಾರಪೇಟೆಯಾಯಿತು. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಯ ಬಳಿಯ ಗೋಪಿನಾಥ ಬೆಟ್ಟ ಹೆಸರಿನಿಂದ ವೈಷ್ಣವ ಕ್ಷೇತ್ರ. ಅಲ್ಲಿನ ಬಂಡೆಯ ಮೇಲಿನ ಪ್ರಾಚೀನ ಶಾಸನವಾದರೋ ಅರ್ಹತನ ಚೈತ್ಯವನ್ನು ಸ್ತುತಿಸುತ್ತದೆ. ಬೆಟ್ಟದ ಹೆಸರನ್ನಷ್ಟೇ ಕೇಳಿ ಹಿಂದಿರುಗಿದವನಿಗೆ ಬಂಡೆಯ ಮಾತು ತಿಳಿಯದು. ಕಡತದ ವಿಷಯದಲ್ಲಿಯೂ ಹೆಸರನ್ನು ದಾಟಿ ಒಡಲಿನೊಳಗೆ ಕೊರೆದ ಗುರುತನ್ನು ನೋಡಬೇಕು.

ಆ ಗುರುತು ಇರುವುದು ಕಡತದ ಆರಂಭದಲ್ಲಿ. ಗಣಕದ ಪಾಲಿಗೆ ಯಾವ ಕಡತವೂ ಬೈಟುಗಳ ಒಂದು ಸಾಲು; ಪ್ರತಿಯೊಂದು ಬೈಟಿನ ಬೆಲೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಪಿಎನ್‌ಜಿ ಕಡತವಾದರೆ ಅದರ ಮೊದಲ ಎಂಟು ಬೈಟುಗಳು ತಪ್ಪದೆ 137, 80, 78, 71, 13, 10, 26, 10 ಆಗಿರುತ್ತವೆ. ಇದನ್ನೇ ಕಡತದ ಸಹಿಯೆಂದೂ ಮ್ಯಾಜಿಕ್ ನಂಬರ್ ಎಂದೂ ಕರೆಯುತ್ತಾರೆ. ನಮ್ಮ ಪರಿಭಾಷೆಯಲ್ಲಿ ಲಾಂಛನವೆನ್ನಲು ಅಡ್ಡಿಯಿಲ್ಲ. ಶಾಸನಗಳಲ್ಲಿಯೂ ಇಂಥ ಆದಿಸೂಚನೆ ಉಂಟು. ಬಾಣನ ಹರ್ಷಚರಿತದ ಮೊದಲ ಶ್ಲೋಕದಿಂದ ತೊಡಗಿದ ಶಾಸನವನ್ನು ಕಂಡೊಡನೆ ಶೈವವೆಂದು ಊಹಿಸುತ್ತೇವೆ. ಜಿನಶಾಸನದ ಸ್ತುತಿಯಿಂದ ತೊಡಗಿದ್ದರೆ ಜೈನವೆಂದು ಮನಸ್ಸು ಸಿದ್ಧವಾಗುತ್ತದೆ. ದತ್ತಿಯ ವಿವರಕ್ಕೆ ಇಳಿಯುವ ಮೊದಲೇ ಓದುಗನನ್ನು ಸರಿಯಾದ ಬಾಗಿಲಿಗೆ ಕರೆದೊಯ್ಯುವುದು ಆ ಪದ್ಯಗಳ ಕೆಲಸ. ಎಂಟು ಬೈಟುಗಳ ಕೆಲಸವೂ ಅದೇ.

ಪಿಎನ್‌ಜಿಯ ಲಾಂಛನದಲ್ಲಿ ಒಂದು ಸಂಖ್ಯೆಯೂ ಅಲಂಕಾರಕ್ಕಾಗಿ ಬಂದುದಲ್ಲವೆಂಬುದು ಗಮನಾರ್ಹ. ಹಳೆಯ ಸಂಪರ್ಕಜಾಲಗಳು ಕೆಲವೊಮ್ಮೆ ಬೈಟಿನ ಎಂಟು ಬಿಟ್‌ಗಳಲ್ಲಿ ಏಳನ್ನು ಮಾತ್ರ ಸಾಗಿಸುತ್ತಿದ್ದವು. ಆಗ 128ಕ್ಕೆ ಮೇಲ್ಪಟ್ಟ ಸಂಖ್ಯೆಗಳು ಕೆಡುತ್ತಿದ್ದವು. 137 ಅಂಥದೊಂದು ಸಂಖ್ಯೆ. ಅದು 9 ಆಗಿ ಬಂದು ತಲುಪಿದರೆ ಕಡತ ದಾರಿಯಲ್ಲಿ ಕೆಟ್ಟಿದೆಯೆಂದು ಮೊದಲ ಬೈಟಿನಲ್ಲಿಯೇ ತಿಳಿಯುತ್ತದೆ. ಮುಂದಿನ ಮೂರು ಸಂಖ್ಯೆಗಳು ಪಿ, ಎನ್, ಜಿ ಎಂಬ ರೋಮನ್ ಅಕ್ಷರಗಳ ಸಂಕೇತ. ಮನುಷ್ಯರ ಕಣ್ಣಿಗೂ ಕಾಣಲೆಂದು ಇಟ್ಟವು. 13 ಮತ್ತು 10 ಸೇರಿ ಸಾಲು ಮುರಿಯುವ ಗುರುತು. ಒಂದು ಬಗೆಯ ಗಣಕದಿಂದ ಇನ್ನೊಂದಕ್ಕೆ ಕಳುಹಿಸುವಾಗ ಪಠ್ಯವೆಂದು ಭ್ರಮಿಸಿ ಈ ಗುರುತುಗಳನ್ನು ತಿದ್ದುವ ವ್ಯವಸ್ಥೆಗಳಿದ್ದವು. ಹಾಗೆ ತಿದ್ದಿದ್ದರೆ ಈ ಜೋಡಿ ಉಳಿಯದು. 26ನ್ನು ಕಂಡೊಡನೆ ಹಳೆಯ ಡಾಸ್ ವ್ಯವಸ್ಥೆಯಲ್ಲಿ ಪಠ್ಯದ ಪ್ರದರ್ಶನ ನಿಲ್ಲುತ್ತಿತ್ತು. ಕೊನೆಯ 10 ವಿರುದ್ಧ ದಿಕ್ಕಿನ ತಿದ್ದುಪಡಿಯನ್ನು ಪತ್ತೆಹಚ್ಚುವುದಕ್ಕೆ. ಹೀಗೆ ಎಂಟು ಬೈಟುಗಳು ಜಾತಿಯನ್ನು ಹೇಳುವುದರೊಂದಿಗೆ ಪ್ರಯಾಣದ ಗಾಯಗಳನ್ನೂ ತೋರಿಸುವಂತೆ ಯೋಜಿತವಾಗಿವೆ.

ಈ ವಿನ್ಯಾಸದ ಹುಟ್ಟಿಗೂ ಒಂದು ಕಾರಣವಿದೆ. ಆಗ ಬಳಕೆಯಲ್ಲಿದ್ದ ಜಿಫ್ ಚಿತ್ರಗಳ ಸಂಕೋಚನವಿಧಾನದ ಮೇಲೆ ಯುನಿಸಿಸ್ ಸಂಸ್ಥೆಗೆ ಪೇಟೆಂಟ್ ಇತ್ತು. 1994ರ ಡಿಸೆಂಬರಿನಲ್ಲಿ ಅದಕ್ಕೆ ಶುಲ್ಕ ಕೊಡಬೇಕೆಂಬ ಘೋಷಣೆ ಬಂದಾಗ, ಯಾರ ಹಂಗೂ ಇಲ್ಲದ ಹೊಸ ವಿನ್ಯಾಸವೊಂದನ್ನು ರೂಪಿಸಲು ಥಾಮಸ್ ಬೌಟೆಲ್ ಮೊದಲಾದವರು ಮುಂದಾದರು. 1996ರ ಅಕ್ಟೋಬರಿನಲ್ಲಿ ಪಿಎನ್‌ಜಿಯ ಮೊದಲ ಆವೃತ್ತಿ ಅಧಿಕೃತವಾಯಿತು. ಇದು ನಷ್ಟರಹಿತ ವಿನ್ಯಾಸ: ಚಿತ್ರವನ್ನು ಒತ್ತಿ ಚಿಕ್ಕದಾಗಿಸಿದರೂ ಬಿಚ್ಚಿದಾಗ ಪ್ರತಿಯೊಂದು ಬಿಂದುವೂ ಮೊದಲಿದ್ದ ಬಣ್ಣದಲ್ಲಿಯೇ ಮರಳಿ ದೊರೆಯುತ್ತದೆ. ಸಾಮಾನ್ಯ ಜೆಪೆಗ್ ಹಾಗಲ್ಲ. ಅದು ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕಗಳಾಗಿ ಕತ್ತರಿಸಿ, ಕಣ್ಣು ಅಷ್ಟಾಗಿ ಗಮನಿಸದ ನುಣುಪು ವಿವರಗಳನ್ನು ಕೈಬಿಡುತ್ತದೆ. ಮದುವೆಯ ಚಿತ್ರಕ್ಕೆ ಅದರಿಂದ ಬಾಧೆಯಿಲ್ಲ. ಆದರೆ ಓಲೆಗರಿಯಲ್ಲಿ ದಕಾರ ಧಕಾರಗಳನ್ನೂ ಪಕಾರ ಫಕಾರಗಳನ್ನೂ ಬೇರ್ಪಡಿಸುವುದು ಕಂಠದ ಮೊನೆ ಎಳೆದ ಒಂದು ಸಣ್ಣ ಸೀಳು. ಎಷ್ಟೋ ಲಿಪಿಕಾರರು ಅದನ್ನು ಎಳೆಯುವುದೇ ಇಲ್ಲ. ಎಳೆದವರ ಶ್ರಮವನ್ನೂ ಚಿತ್ರ ನುಂಗಿದರೆ ಸಂಪಾದಕನಿಗೆ ಉಳಿಯುವುದೇನು?

ಇತರ ವಿನ್ಯಾಸಗಳ ಲಾಂಛನಗಳನ್ನೂ ಅಭ್ಯಾಸಿಗಳು ತಿಳಿದಿರುವುದು ಒಳ್ಳೆಯದು. ಜೆಪೆಗ್ 255, 216, 255ರಿಂದ ತೊಡಗುತ್ತದೆ. ಜಿಫ್‌ನ ಮೊದಲ ಮೂರು ಬೈಟುಗಳು 71, 73, 70. ಅವು ಅದರ ಹೆಸರಿನ ರೋಮನ್ ಅಕ್ಷರಗಳೇ. ಬಿಎಂಪಿ ಚಿತ್ರ 66, 77ರಿಂದ ಆರಂಭವಾಗುತ್ತದೆ. ಗ್ರಂಥಾಲಯಗಳು ಸಂರಕ್ಷಣೆಗೆ ಹೆಚ್ಚಾಗಿ ಬಳಸುವ ಟಿಫ್‌ಗೆ ಎರಡು ಆರಂಭಗಳಿವೆ: 73, 73, 42, 0 ಎಂದಾದರೂ ಇರಬಹುದು, 77, 77, 0, 42 ಎಂದಾದರೂ ಇರಬಹುದು. ಒಂದಕ್ಕಿಂತ ಹೆಚ್ಚು ಬೈಟುಗಳ ಸಂಖ್ಯೆಯನ್ನು ಹಿಂದಿನಿಂದ ಓದಬೇಕೋ ಮುಂದಿನಿಂದ ಓದಬೇಕೋ ಎಂಬುದನ್ನು ಈ ಭೇದ ಸೂಚಿಸುತ್ತದೆ. ಇವನ್ನು ನೋಡಲು ದುಬಾರಿ ಸಲಕರಣೆ ಬೇಕಿಲ್ಲ. ಹೆಕ್ಸ್ ಎಡಿಟರ್ ಎಂಬ ಉಚಿತ ತಂತ್ರಾಂಶ ಯಾವುದಾದರೂ ಸಾಕು; ಅದು ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವುದರಿಂದ 137 ಅಲ್ಲಿ 89 ಎಂದೂ 80 ಎಂಬುದು 50 ಎಂದೂ ಕಾಣುತ್ತದೆ. ಯೂನಿಕ್ಸ್, ಲಿನಕ್ಸ್ ಗಣಕಗಳಲ್ಲಿ ‘ಫೈಲ್’ ಎಂಬ ಆದೇಶ ಈ ಪರೀಕ್ಷೆಯನ್ನು ತಾನೇ ಮಾಡಿ ಉತ್ತರ ಹೇಳುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರವು ಇಂಥ ಲಾಂಛನಗಳನ್ನು ಸಂಗ್ರಹಿಸಿ ಪ್ರೊನಾಮ್ ಎಂಬ ಕೋಶವನ್ನೂ, ಅದರ ಆಧಾರದಿಂದ ಕಡತಗಳನ್ನು ಗುರುತಿಸುವ ಡ್ರಾಯ್ಡ್ ಎಂಬ ತಂತ್ರಾಂಶವನ್ನೂ ಒದಗಿಸಿದೆ.

ಇಲ್ಲಿಗೆ ಮೊದಲ ಪಾಠ ಮುಗಿಯಿತು. ಎರಡನೆಯ ಪಾಠ ಟಿಫ್‌ನಿಂದಲೇ ತೊಡಗುತ್ತದೆ. ಟಿಫ್ ಎಂದರೆ ನಷ್ಟರಹಿತವೆಂದು ನಮ್ಮಲ್ಲಿ ರೂಢಿಯ ನಂಬಿಕೆಯಿದೆ. ವಾಸ್ತವದಲ್ಲಿ ಅದೊಂದು ಪೆಟ್ಟಿಗೆ. ಒಳಗಿನ ಚಿತ್ರವನ್ನು ಹೇಗೆ ಒತ್ತಿದೆಯೆಂಬುದನ್ನು ಅದರ 259ನೆಯ ಟ್ಯಾಗ್ ಹೇಳುತ್ತದೆ. ಅಲ್ಲಿ 1 ಇದ್ದರೆ ಸಂಕೋಚನವೇ ಇಲ್ಲ. 5 ಇದ್ದರೆ ನಷ್ಟವಿಲ್ಲದ ಸಂಕೋಚನ. 7 ಇದ್ದರೆ ಒಳಗಿರುವುದು ಜೆಪೆಗ್ ವಿಧಾನ. ವೆಬ್‌ಪಿ ಎಂಬ ಇನ್ನೊಂದು ವಿನ್ಯಾಸದಲ್ಲಿ ಮೊದಲ ಹನ್ನೆರಡು ಬೈಟುಗಳನ್ನು ನೋಡಿದರೂ ನಷ್ಟದ ಸುಳಿವು ಸಿಗದು. ಅದಕ್ಕೂ ಮುಂದೆ ಹೋಗಿ ಒಳಗಿನ ತುಣುಕಿನ ಹೆಸರನ್ನು ಓದಬೇಕು. ಜೆಪೆಗ್ 2000ದಲ್ಲಿಯೂ ನಷ್ಟವುಳ್ಳದ್ದಕ್ಕೆ, ನಷ್ಟವಿಲ್ಲದ್ದಕ್ಕೆ ಹೊರಗಿನ ಲಾಂಛನ ಒಂದೇ. ಇದು ನಮ್ಮ ಶಿಲ್ಪಾಭ್ಯಾಸಿಗೆ ಪರಿಚಿತವಾದ ತೊಡಕು. ನೆತ್ತಿಯ ಮೇಲೆ ಸರ್ಪಫಣಿ ಕಂಡೊಡನೆ ಪಾರ್ಶ್ವನಾಥರೆಂದು ಹೇಳಿಬಿಡುವುದು ಸುಲಭ, ಸುಪಾರ್ಶ್ವನಾಥರಿಗೂ ಹೆಡೆಗಳುಂಟು. ಸಾಮಾನ್ಯವಾಗಿ ಸುಪಾರ್ಶ್ವರಿಗೆ ಐದು, ಪಾರ್ಶ್ವರಿಗೆ ಏಳು. ಎಣಿಸಬೇಕು, ಪೀಠದಲ್ಲಿ ಸ್ವಸ್ತಿಕವಿದೆಯೋ ಸರ್ಪವಿದೆಯೋ ಎಂದು ಬಗ್ಗಿ ನೋಡಬೇಕು.

ಪಿಎನ್‌ಜಿಯಲ್ಲಿ ಒಳಗಿನ ಪರೀಕ್ಷೆಗೂ ಸೌಕರ್ಯವಿದೆ. ಲಾಂಛನ ಮುಗಿದೊಡನೆ ಬರುವ ಮೊದಲ ತುಣುಕು ಚಿತ್ರದ ಅಗಲ, ಎತ್ತರ, ಬಣ್ಣದ ಬಗೆಗಳನ್ನು ಸಾರುತ್ತದೆ. ನಡುವೆ ಚಿತ್ರದ ಒಡಲು. ಕೊನೆಯಲ್ಲಿ ಮುಗಿಯಿತೆಂದು ಸಾರುವ ಬರಿದಾದ ಒಂದು ತುಣುಕು. ಮಂಗಳದಿಂದ ತೊಡಗಿ ಶಾಪಾಶಯದಿಂದ ಮುಗಿಯುವ ಶಾಸನದ ಕಟ್ಟಿನಂತೆಯೇ ಇದೆ. ಶಾಪಾಶಯ ಕಾಣದ ಶಾಸನವನ್ನು ಕೆಳಭಾಗ ಒಡೆದಿರಬಹುದೆಂದು ಶಂಕಿಸುವಂತೆ, ಅಂತ್ಯದ ತುಣುಕಿಲ್ಲದ ಕಡತವನ್ನು ಅರ್ಧಕ್ಕೆ ನಿಂತದ್ದೆಂದು ತಿಳಿಯಬಹುದು. ಇದಲ್ಲದೆ ಪ್ರತಿಯೊಂದು ತುಣುಕಿನ ಕೊನೆಗೂ ಅದರ ವಿಷಯದಿಂದಲೇ ಗಣಿಸಿದ ತಾಳೆಸಂಖ್ಯೆಯೊಂದು ಇರುತ್ತದೆ. ಒಳಗಿನ ಒಂದು ಬೈಟು ಬದಲಾದರೂ ಲೆಕ್ಕ ತಾಳೆಯಾಗದು. ಜೈನ ಲಿಪಿಕಾರರು ಮೂವತ್ತೆರಡು ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸಿ, ಪ್ರತಿಯ ಕೊನೆಗೆ ಗ್ರಂಥಸಂಖ್ಯೆಯನ್ನು ಬರೆದಿಡುತ್ತಿದ್ದುದರ ಉದ್ದೇಶವೂ ಬಹುಮಟ್ಟಿಗೆ ಇದೇ: ಮುಂದೆ ನಕಲು ಮಾಡುವವನು ಎಲ್ಲಿ ಬಿಟ್ಟ, ಎಲ್ಲಿ ಸೇರಿಸಿದ ಎಂಬುದಕ್ಕೆ ಒಂದು ಅಳತೆ ಇರಲಿ ಎಂದು.

ಆದರೆ ತಾಳೆಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಒಳಗಿನ ಮಾತು ಪ್ರಾಚೀನವೆಂದಾಗದು. ಈ ವಿವೇಕವನ್ನು ಮಾಲೂರು ತಾಲ್ಲೂಕಿನ ನೊಣಮಂಗಲವೇ ಕಲಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಹಾಳು ಬಸದಿಯ ನೆಲದಲ್ಲಿ ಗಂಗರ ತಾಮ್ರಪಟಗಳು ದೊರೆತವು. ಮಾಧವ, ಅವಿನೀತರ ಕಾಲದಲ್ಲಿ ಮೂಲಸಂಘದ ಅರ್ಹದಾಯತನಗಳಿಗೆ ಕೊಟ್ಟ ದತ್ತಿಗಳನ್ನು ಹೇಳುವ ಆ ಪಟಗಳು ಕರ್ನಾಟಕದ ಜೈನಧರ್ಮದ ಇತಿಹಾಸಕ್ಕೆ ಅಮೂಲ್ಯ ಆಕರ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ಶಾಸನಗಳೊಡನೆ ಮಾಲೂರಿನ ಭಾಗದಲ್ಲಿ ಇವು ಸೇರಿವೆ. ಗಂಗರ ಪಟಗಳ ಬಳೆಯ ಮೇಲಿನ ಮುದ್ರೆ ಆನೆ. ಆದರೆ ಆನೆಯ ಮುದ್ರೆಯಿದ್ದ ಪಟಗಳೆಲ್ಲವೂ ಗಂಗರವೇ ಎಂದು ವಿದ್ವಾಂಸರು ಒಪ್ಪಲಿಲ್ಲ. ಗಂಗರ ಹೆಸರಿನಲ್ಲಿ ದೊರೆತ ಅನೇಕ ಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿದರು. ರೈಸ್ ಅವುಗಳ ಪರವಾಗಿ ವಾದಿಸಿದರು. ಆ ದೀರ್ಘ ವಾದದಲ್ಲಿ ಇಬ್ಬರೂ ತೂಗಿದ್ದು ಲಿಪಿಯ ರೂಪವನ್ನು, ಕಾಲಗಣನೆಯನ್ನು, ವಂಶಾವಳಿಯನ್ನು, ಭಾಷೆಯನ್ನು. ಮುದ್ರೆ ಚರ್ಚೆಯ ಆರಂಭಕ್ಕೆ ಸಾಕಾಯಿತು; ತೀರ್ಪಿಗೆ ಸಾಕಾಗಲಿಲ್ಲ.

ಕಡತಗಳಲ್ಲಿ ಇಂಥದೇ ತೂಗಾಟ ನನ್ನ ಪಾಲಿಗೆ ಒಮ್ಮೆ ಬಂದಿತು. ಕೋಲಾರ ಜಿಲ್ಲೆಯಲ್ಲಿ ಅಧ್ಯಾಪಕರಾಗಿದ್ದು ನಿವೃತ್ತರಾದ ಹಿರಿಯ ಮಿತ್ರರೊಬ್ಬರು ಹಲವು ವರ್ಷ ರಜಾದಿನಗಳಲ್ಲಿ ಮೋಟಾರು ಬೈಕಿನ ಮೇಲೆ ಸುತ್ತಿ, ಕೆರೆಯ ಏರಿ, ಊರಬಾಗಿಲು, ಹೊಲದ ಬದುಗಳಲ್ಲಿ ನಿಂತ ವೀರಗಲ್ಲುಗಳನ್ನು ಚಿತ್ರಿಸಿಕೊಂಡಿದ್ದರು. ಬಾಣರು, ನೊಳಂಬರು, ಗಂಗರು, ಚೋಳರು ಕಾದಾಡಿದ ಈ ನೆಲದಲ್ಲಿ ವೀರಗಲ್ಲಿಗೆ ಬರವಿಲ್ಲ. ಅವರ ಗಣಕದ ಹಾರ್ಡ್ ಡಿಸ್ಕ್ ಕೆಟ್ಟು, ದುರಸ್ತಿಯ ಅಂಗಡಿಯವರು ಹೇಗೋ ಕಡತಗಳನ್ನು ಹೊರತೆಗೆದು ಕೊಟ್ಟರು. ಆದರೆ ಊರು, ತಾಲ್ಲೂಕು, ದಿನಾಂಕಗಳನ್ನು ಸೇರಿಸಿ ಅವರು ಇಟ್ಟಿದ್ದ ಹೆಸರುಗಳೆಲ್ಲ ಹೋಗಿ, ಬಾಲವೂ ಇಲ್ಲದ ಬರಿಯ ಅಂಕಿಗಳು ಉಳಿದಿದ್ದವು. ಡಿಸ್ಕಿನ ಹೆಸರುಪಟ್ಟಿ ನಾಶವಾದಾಗ ಕಡತಗಳನ್ನು ಮರಳಿ ಪಡೆಯುವ ಫೋಟೋರೆಕ್‌ನಂಥ ತಂತ್ರಾಂಶಗಳು ಮಾಡುವ ಕೆಲಸವೇ ಲಾಂಛನದ ಹುಡುಕಾಟ: ಡಿಸ್ಕಿನ ಉದ್ದಕ್ಕೂ ಓದುತ್ತ, 137, 80, 78, 71 ಕಂಡಲ್ಲಿ ಒಂದು ಪಿಎನ್‌ಜಿ ತೊಡಗಿತೆಂದು, 255, 216, 255 ಕಂಡಲ್ಲಿ ಒಂದು ಜೆಪೆಗ್ ತೊಡಗಿತೆಂದು ಬಿಡಿಸಿಕೊಳ್ಳುತ್ತವೆ. ಹೆಸರು ಅಳಿದರೂ ಒಡಲಿನ ಗುರುತು ಉಳಿದುದರಿಂದಲೇ ಅಷ್ಟಾದರೂ ಬದುಕಿತು. ಮಿತ್ರರು ಅವನ್ನು ನನ್ನ ಮುಂದಿಟ್ಟು, ‘ಶ್ರೀನಿವಾಸಪುರದ ಕಡೆಯ ಆ ಏರಿಕಲ್ಲು ನೋಡಿ ಸ್ವಾಮಿ, ರಸ್ತೆ ಮಾಡುವಾಗ ಕಲ್ಲೇ ಹೋಯಿತು, ಈಗ ಚಿತ್ರದ ಹೆಸರೂ ಹೋಯಿತು’ ಎಂದರು.

ಆ ಕಲ್ಲಿನ ಚಿತ್ರ ಮೂರು ಕಡತಗಳಲ್ಲಿತ್ತು. ಮೇಲುನೋಟಕ್ಕೆ ಮೂರೂ ಒಂದೇ. ಎರಡನೆಯ ಸಾಲಿನಲ್ಲಿ ‘ತು’ ಎಂಬ ಅಕ್ಷರ ಸ್ಪಷ್ಟ; ಮುಂದಿನದು ಱಕಾರವೋ ೞಕಾರವೋ ಎಂಬುದೇ ಪ್ರಶ್ನೆ. ಱಕಾರವಾದರೆ ‘ತುಱು’, ಅಂದರೆ ದನಗಳನ್ನು ಬಿಡಿಸಲು ಹೋಗಿ ಮಡಿದವನ ಕಲ್ಲು. ೞಕಾರವಾದರೆ ‘ತುೞಿಲಾಳ್’, ಅಂದರೆ ಪರಾಕ್ರಮಿಯೆಂಬ ವಿಶೇಷಣ. ಸಾವಿನ ಕಾರಣವನ್ನು ಬೇರೆಡೆ ಹುಡುಕಬೇಕು. ಅಕ್ಷರದ ಒಳಗೆರೆಗಳು ಹಾಯುವ ದಾರಿಯ ಮೇಲೆ ಒಬ್ಬ ಮನುಷ್ಯನ ಮರಣದ ಕಥೆ ನಿಂತಿತ್ತು. ಕಲ್ಲನ್ನು ಮತ್ತೆ ಹೋಗಿ ನೋಡುವಂತಿರಲಿಲ್ಲ.

ಲಾಂಛನಗಳನ್ನು ಓದಿದೆವು. ಒಂದು ಪಿಎನ್‌ಜಿ, ಒಂದು ಟಿಫ್, ಒಂದು ಜೆಪೆಗ್. ಪಿಎನ್‌ಜಿಯ ತಾಳೆಸಂಖ್ಯೆಗಳು ಸರಿಯಾಗಿದ್ದವು. ಟಿಫ್‌ನ 259ನೆಯ ಟ್ಯಾಗ್‌ನಲ್ಲಿ 1 ಇತ್ತು. ನಷ್ಟರಹಿತವಾದವು ಎರಡು ಇರುವಾಗ ಜೆಪೆಗ್ಗನ್ನು ಬದಿಗಿಡಬಹುದೆಂದು ಮಿತ್ರರ ಅಭಿಪ್ರಾಯ. ಆದರೆ ಪಿಎನ್‌ಜಿಯ ಮೊದಲ ತುಣುಕಿನಲ್ಲಿ ಹೇಳಿದ ಅಗಲ ಜೆಪೆಗ್ಗಿನ ಅಗಲದ ಅರ್ಧಕ್ಕೂ ಕಡಿಮೆ. ಟಿಫ್ಫನ್ನು ಹಿಗ್ಗಿಸಿ ನೋಡಿದಾಗ ಕಲ್ಲಿನ ಹರಳಿನ ಮೇಲೆ ಎಂಟೆಂಟು ಬಿಂದುಗಳ ಚೌಕಗಳು ನೇಯ್ದ ಬಟ್ಟೆಯಂತೆ ಎದ್ದವು. ಯಾವುದೋ ಜೆಪೆಗ್ಗನ್ನು ಬಿಚ್ಚಿ ಟಿಫ್ ಪೆಟ್ಟಿಗೆಯಲ್ಲಿಟ್ಟ ಕುರುಹದು. ಇನ್ನು ಜೆಪೆಗ್ಗಿನ ನಾಲ್ಕನೆಯ ಬೈಟು 225. ಕ್ಯಾಮೆರಾಗಳು ತಮ್ಮ ಟಿಪ್ಪಣಿಯನ್ನು ಸೇರಿಸುವಾಗ ಬಳಸುವ ಗುರುತು ಅದು. ಒಳಗೆ ಕ್ಯಾಮೆರಾದ ಮಾದರಿಯೂ ತೆಗೆದ ದಿನವೂ ಇದ್ದವು; ಆ ದಿನ ಮಿತ್ರರ ದಿನಚರಿಯಲ್ಲಿನ ತಿರುಗಾಟದೊಡನೆ ಹೊಂದಿತು, ಊರಿನ ಹೆಸರು ಮರಳಿತು. ಕ್ರಮ ಹೀಗೆ ಕಾಣುತ್ತದೆ: ಕ್ಯಾಮೆರಾ ಬರೆದ ಜೆಪೆಗ್ಗೇ ಮೂಲ, ಅದನ್ನು ಯಾರಿಗೋ ಕಳುಹಿಸಿದಾಗ ಇನ್ನಷ್ಟು ಒತ್ತಿದ ಪ್ರತಿ ಹುಟ್ಟಿತು, ಆ ಪ್ರತಿಯಿಂದ, ಯಾವುದೋ ಸಂಚಿಕೆಗೆ ಬೇಕೆಂದು, ಉಳಿದೆರಡು ಹುಟ್ಟಿದವು. ನಷ್ಟರಹಿತ ಲಾಂಛನವುಳ್ಳ ಎರಡೂ ಮೊಮ್ಮಕ್ಕಳು. ನಷ್ಟವುಳ್ಳದ್ದೆಂದು ಬದಿಗಿಡಲಿದ್ದದ್ದು ಅಜ್ಜ. ಅಕ್ಷರದ ಒಳಗೆರೆ ಅಲ್ಲಿಯೇ ಹೆಚ್ಚು ತಿಳಿಯಾಗಿತ್ತು. ಱಕಾರದ ಕಡೆಗೇ ನನ್ನ ಒಲವು. ಆದರೂ ಕಲ್ಲು ಸವೆದಿರುವುದರಿಂದ ಓದನ್ನು ಸಂದೇಹಚಿಹ್ನೆಯೊಡನೆ ಬರೆದು, ಯಾವ ಚಿತ್ರದಿಂದ ಓದಿದ್ದೆಂಬುದನ್ನೂ ಜೊತೆಗೆ ದಾಖಲಿಸಿದೆವು.

ಪಿಎನ್‌ಜಿ ನಷ್ಟರಹಿತವೆಂದರೆ, ತನಗೆ ಒಪ್ಪಿಸಿದ್ದನ್ನು ಅದು ಕಳೆಯದು ಎಂದಷ್ಟೇ ಅರ್ಥ. ಒಪ್ಪಿಸುವ ಮೊದಲೇ ಕಳೆದಿದ್ದರೆ ಆ ನಷ್ಟವನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ನಿಷ್ಠಾವಂತ ಲಿಪಿಕಾರನೂ ಹೀಗೆಯೇ. ಇದಕ್ಕೆ ಜೈನ ವಾಙ್ಮಯದಲ್ಲಿ ಪ್ರಸಿದ್ಧ ನಿದರ್ಶನವಿದೆ. ಷಟ್ಖಂಡಾಗಮ ಮತ್ತು ಅದರ ಧವಳಾ ಟೀಕೆಯ ಹಳಗನ್ನಡ ಲಿಪಿಯ ಓಲೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದವು. ಅವುಗಳಿಂದ ನಕಲಾಗಿ, ನಕಲಿನಿಂದ ನಕಲಾಗಿ ಉತ್ತರಕ್ಕೆ ಹೋದ ಕಾಗದದ ಪ್ರತಿಗಳ ಆಧಾರದಿಂದ ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿರಲಿಲ್ಲ; ಅರ್ಥದ ದೃಷ್ಟಿಯಿಂದ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ಹೋಲಿಸಿದಾಗ ಆ ಪದ ಅಲ್ಲಿ ದೊರೆಯಿತು. ಸೂತ್ರವು ಸ್ತ್ರೀಯರ ಗುಣಸ್ಥಾನಗಳಿಗೆ ಸಂಬಂಧಿಸಿದ್ದಾದುದರಿಂದ, ಸಂಯಮವೆಂಬ ಅರ್ಥವನ್ನು ಹೊತ್ತ ಆ ಒಂದೇ ಪದದ ಮೇಲೆ ಸಮಾಜದಲ್ಲಿ ದೊಡ್ಡ ವಾದವೇ ನಡೆಯಿತು. ಕಾಗದದ ಪ್ರತಿಗಳಿಗೂ ಮಂಗಳವಿತ್ತು, ಅಂತ್ಯವಿತ್ತು, ಅಂದವಾದ ಅಕ್ಷರವಿತ್ತು. ಅವುಗಳಲ್ಲಿ ಪದವೊಂದು ಇಲ್ಲವೆಂಬುದನ್ನು ಅವುಗಳನ್ನಷ್ಟೇ ನೋಡಿ ಖಚಿತಪಡಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಆದಕಾರಣ ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನ ಅರಿಕೆ ಇಷ್ಟು. ಶಾಸನದ ಅಥವಾ ಹಸ್ತಪ್ರತಿಯ ಚಿತ್ರ ಕೈಸೇರಿದಾಗ ಮೊದಲು ಅದರ ಲಾಂಛನವನ್ನು ಓದಿ. ಹೆಸರಿನ ಬಾಲಕ್ಕೂ ಲಾಂಛನಕ್ಕೂ ಹೊಂದಿಕೆಯಿಲ್ಲದಿದ್ದರೆ ಅದನ್ನು ಗುರುತುಹಾಕಿಕೊಳ್ಳಿ. ಪೆಟ್ಟಿಗೆಯಂಥ ವಿನ್ಯಾಸವಾದರೆ ಒಳಗಿನ ಸಂಕೋಚನ ಯಾವುದೆಂದು ನೋಡಿ. ಅನಂತರ ಚಿತ್ರವನ್ನು ಹಿಗ್ಗಿಸಿ, ಎಂಟರ ಚೌಕಗಳು ಕಾಣುತ್ತವೆಯೇ ಎಂದು ಪರೀಕ್ಷಿಸಿ. ಒಂದೇ ವಸ್ತುವಿನ ಹಲವು ಚಿತ್ರಗಳಿದ್ದರೆ, ಹಸ್ತಪ್ರತಿಗಳಿಗೆ ಮಾಡುವಂತೆ ವಂಶವೃಕ್ಷವನ್ನು ಬರೆಯಿರಿ. ಯಾರಿಂದ, ಯಾವ ದಾರಿಯಲ್ಲಿ ಬಂದಿತೆಂಬುದನ್ನು ಟಿಪ್ಪಣಿಯಾಗಿಸಿ. ಕ್ಯಾಮೆರಾ ಬರೆದ ಕಡತವನ್ನು ಮುಟ್ಟದೆ ಹಾಗೆಯೇ ಕಾದಿರಿಸಿ, ತಿದ್ದುವ ಕೆಲಸವನ್ನೆಲ್ಲ ಅದರ ನಕಲಿನ ಮೇಲೆ ನಡೆಸಿ. ಆ ನಕಲನ್ನು ನಷ್ಟರಹಿತ ವಿನ್ಯಾಸದಲ್ಲಿ ಉಳಿಸಿ. ಊರಿನ ಹೆಸರನ್ನು ಕಡತದ ಹೆಸರಿನಲ್ಲಿ ಮಾತ್ರ ಇಡದೆ ಬೇರೊಂದು ಪುಸ್ತಕದಲ್ಲಿಯೂ ಬರೆದಿಡಿ. ಇದಕ್ಕೆ ಬೇಕಾದುದು ಅರ್ಧ ಗಂಟೆಯ ತಾಳ್ಮೆ.

ನಮ್ಮ ಶಾಸನಗಳ ಆದಿಸ್ತುತಿಯು ಸ್ಯಾದ್ವಾದವನ್ನೇ ಜಿನಶಾಸನದ ಲಾಂಛನವೆಂದು ಕೀರ್ತಿಸುತ್ತದೆ. ಒಂದು ನಯದಿಂದ ಹೇಳಿದ್ದನ್ನು ಎಲ್ಲ ನಯಗಳಿಗೂ ಹಬ್ಬಿಸಬಾರದೆಂಬುದು ಅದರ ಸಾರ. ವಿನ್ಯಾಸದ ದೃಷ್ಟಿಯಿಂದ ಈ ಕಡತ ನಷ್ಟರಹಿತ. ಚರಿತ್ರೆಯ ದೃಷ್ಟಿಯಿಂದ ನಷ್ಟಸಹಿತ. ಎರಡು ಮಾತುಗಳೂ ತಮ್ಮ ತಮ್ಮ ನೆಲೆಯಲ್ಲಿ ಸತ್ಯ. ಮೊದಲನೆಯದನ್ನು ಎಂಟು ಬೈಟುಗಳಿಂದ ಕ್ಷಣದಲ್ಲಿ ತಿಳಿಯಬಹುದು. ಎರಡನೆಯದಕ್ಕೆ ಪ್ರತಿಗಳನ್ನು ಪ್ರತಿಗಳೊಡನೆ, ಪ್ರತಿಯನ್ನು ಕಲ್ಲಿನೊಡನೆ ಹೋಲಿಸಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಏರಿ ಬದುಗಳಲ್ಲಿ ಇನ್ನೂ ನಿಂತಿರುವ ಕಲ್ಲುಗಳಿವೆ. ಅವು ಇರುವಷ್ಟು ದಿನ ಆ ಹೋಲಿಕೆಗೆ ಅವಕಾಶವುಂಟು.